ಹುಲಿ ಮತ್ತು ಶೇಂಗಾಚಟ್ನಿ

ಹೆಸರು ಅನ್ನುವುದು ಮನುಷ್ಯನಿಗೆ ಇದ್ದಷ್ಟೂ ತೊಂದರೆಯೇ ಎಂದು ನನಗೆ ಅರವತ್ತರ ನಂತರ ಹೊಳೆಯಿತು. ಅದರಲ್ಲೂ ಮಹಾರಾಷ್ಟ್ರದ ಸಾಂಗ್ಲಿ-ಮಿರಜದ ಕನ್ನಡದ ಮನೆಗಳಲ್ಲಿ ಹೆಸರು ಒಂಟಿಯಾಗಿ ಬರುವುದೇ ಇಲ್ಲ. ಅಡ್ಡಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ಅಜ್ಜನ ಅರಿಶಿನದ ಅಂಗಡಿ, ಮಿರಜದ ಬೀಗರು, ಕಸಬೆ ಡಿಗ್ರಜದ ಹೊಲ ಎಲ್ಲವನ್ನೂ ಒಂದೊಂದಾಗಿ ಹೊರಗೆ ಎಳೆಯುತ್ತಾರೆ. ಹಾಗಾಗಿ ಇಲ್ಲಿ ಯಾರ ಬಗ್ಗೆಯೂ ಬಾಯಿ ಬಿಡುವ ಹಾಗಿಲ್ಲ. ಯಾವ ಅಂಗಡಿಯನ್ನು ಬೈದರೂ ಅದು ಯಾರೋ ಮಾವಶಿಯ, ಅಂದರೆ ಚಿಕ್ಕಮ್ಮನ, ಅಳಿಯನದೇ ಆಗಿರುತ್ತದೆ. ನನಗಂತೂ ಇನ್ನೊಂದು ತೊಡಕು ಇತ್ತು. ಸಾಂಗ್ಲಿಯ ವಿಶ್ರಾಮಬಾಗದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವನು ನಾನು. ಆ ಮೂವತ್ತು ವರ್ಷ ಯಾರೂ ನನಗೆ ಎದುರಾಡಲಿಲ್ಲ. ಅದು ನನ್ನ ವಿದ್ವತ್ತಿನ ಫಲ ಎಂದುಕೊಂಡಿದ್ದೆ. ಅಂಕಗಳು ನನ್ನ ಕೈಯಲ್ಲಿದ್ದವು ಎನ್ನುವುದು ನಿವೃತ್ತಿಯ ಮೇಲೆ ನೆನಪಾಯಿತು.

ನಿವೃತ್ತಿಯಾದ ಮೇಲೆ ಷೇರುಪೇಟೆಯ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಷೇರುಗಳ ಬಗ್ಗೆ ಹರಟುವ ಒಂದು ಚರ್ಚಾಕಟ್ಟೆ ಸಿಕ್ಕಿತು. ಅಲ್ಲಿ ನಿಜವಾದ ಹೆಸರು ಬೇಕಿರಲಿಲ್ಲ. ನಾನು ‘ಕೃಷ್ಣಾಕಾಠಚಾ ವಾಘ’, ಅಂದರೆ ಕೃಷ್ಣಾ ತೀರದ ಹುಲಿ, ಎಂದು ಮರಾಠಿಯಲ್ಲಿ ಹೆಸರಿಟ್ಟುಕೊಂಡು ಒಳಹೊಕ್ಕೆ. ನಮ್ಮ ಮನೆಯ ಬೆಕ್ಕೂ ನನಗೆ ಹೆದರುವುದಿಲ್ಲ, ಆ ಮಾತು ಬೇರೆ. ಮೊದಲ ದಿನವೇ ನಮ್ಮ ಕಡೆಯ ಒಂದು ಪೈಪು ತಯಾರಿಸುವ ಕಂಪನಿಯನ್ನು ಹೊಗಳಿ ಉದ್ದಕ್ಕೆ ಬರೆದೆ. ಕೆಳಗೆ ಮರಾಠಿ, ಹಿಂದಿ, ಇಂಗ್ಲಿಷಿನ ಉತ್ತರಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಸಾಲೊಂದು ಕಾಣಿಸಿತು. ಬರೆದವರ ಹೆಸರು ‘ಶೇಂಗಾಚಟ್ನಿ’.

“ಏನ್ರಿ ಹುಲಿಸಾಹೇಬ್ರ, ಆ ಕಂಪನಿ ಮಾಲಕ ನಿಮಗ ಸೋದರಮಾವ ಏನು? ವರ್ಷದ ವರದಿ ಓದೀರೋ, ಬರೇ ಅದರ ಮ್ಯಾಲಿನ ಫೋಟೋ ನೋಡೀರೋ?”

ನಾನು ಫೋಟೋ ಮಾತ್ರ ನೋಡಿದ್ದೆ. ಸಿಟ್ಟು ಬಂತು, ಜೊತೆಗೆ ನಗುವೂ ಬಂತು. ಅವ್ವ ಹೋದ ಮೇಲೆ ನನ್ನನ್ನು ಹೀಗೆ ಅಚ್ಚಗನ್ನಡದಲ್ಲಿ ಮನಸಾರೆ ಬೈದವರೇ ಇರಲಿಲ್ಲ. ಮಕ್ಕಳು ಕನ್ನಡ ತಿಳಿದುಕೊಳ್ಳುತ್ತಾರೆ, ಉತ್ತರ ಕೊಡುವುದು ಮರಾಠಿಯಲ್ಲಿ. ಹೆಂಡತಿ ಸುಮಿತ್ರಾ ನನ್ನೊಡನೆ ಕನ್ನಡವನ್ನೇ ಆಡುತ್ತಾಳೆ, ಆದರೆ ಷೇರಿನ ಮಾತು ಬಂದರೆ “ನಿಮಗ ತಿಳದದ್ದು ಮಾಡ್ರಿ” ಎಂದು ಅಡುಗೆಮನೆಗೆ ನಡೆಯುತ್ತಾಳೆ. ಹೀಗಾಗಿ ದಿನವೂ ಪೇಟೆ ತೆರೆಯುವ ಹೊತ್ತಿಗೆ ನಾನು ಮೊಬೈಲು ಹಿಡಿದು ಬೈಗುಳಕ್ಕೆ ಕಾಯತೊಡಗಿದೆ. ನಾನು ಒಬ್ಬನೇ ನಗುವುದನ್ನು ಕಂಡು ಸುಮಿತ್ರಾ ಒಮ್ಮೆ, “ಯಾರ್ರಿ ಅದು?” ಎಂದಳು. ಶೇಂಗಾಚಟ್ನಿ ಎಂದೆ. “ಆತು ಬಿಡ್ರಿ. ನಾ ಮಾಡಿದ ಚಟ್ನಿ ಸಪ್ಪಗ ಅಂತೀರಿ, ಮೊಬೈಲ್ನಾಗಿನ ಚಟ್ನಿಗೆ ನಕ್ಕೋತ ಕುಂದರತೀರಿ” ಎಂದಳು.

ನಮ್ಮಪ್ಪ ಅರಿಶಿನದ ವ್ಯಾಪಾರಿ. ಅವನ ಕಾಲದಲ್ಲಿ ಸವಾಲಿನ, ಅಂದರೆ ಹರಾಜಿನ, ಹೊತ್ತಿಗೆ ದಲಾಲನೂ ವ್ಯಾಪಾರಿಯೂ ರುಮಾಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಿದ್ದರು. ಮೇಲೆ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಮೇಲೆ ಕಕ್ಕುಲಾತಿಯಿಂದ ಮನೆಮಂದಿಯ ಆರೋಗ್ಯ ವಿಚಾರಿಸುತ್ತಲೇ ಕೆಳಗೆ ಬೆರಳಿನಿಂದ ‘ನಿನ್ನ ಮಾಲು ಹುಳುಕು’ ಎಂದುಬಿಡಬಹುದಿತ್ತು. ಬೀಗರಾದರೂ ಸಂಬಂಧ ಕೆಡುತ್ತಿರಲಿಲ್ಲ. ಆ ಚರ್ಚಾಕಟ್ಟೆ ನನಗೆ ಅಂಥದೇ ರುಮಾಲಾಗಿತ್ತು. ಒಂದು ಮಳೆಗಾಲ ಕೃಷ್ಣೆ ಏರಿ ಊರಿಗೆ ಊರೇ ಕಂಗಾಲಾಗಿದ್ದಾಗ ಶೇಂಗಾಚಟ್ನಿ ಷೇರಿನ ಮಾತು ಬಿಟ್ಟು, “ನಿಮ್ಮ ಕಡೆ ನೀರು ಬಂತೇನ್ರಿ? ಹುಲಿಗೆ ಈಜಾಕ ಬರತೈತಿಲ್ಲೋ?” ಎಂದು ಕೇಳಿದ್ದರು. “ಹುಲಿಗೆ ಎಲ್ಲಾ ಬರತೈತಿ” ಎಂದು ಜಂಭದಿಂದ ಬರೆದೆ. ಅವರ ಮನೆ ಎಲ್ಲಿ, ಅಲ್ಲಿ ನೀರು ಬಂದಿದೆಯೇ ಎಂದು ಕೇಳಲು ತೋಚಲಿಲ್ಲ. ಅದು ಈಗಲೂ ಕೊರೆಯುತ್ತದೆ.

ಇಷ್ಟು ಸುಖವಾಗಿದ್ದುದನ್ನು ನಾನೇ ಕೈಯಾರೆ ಕೆಡಿಸಿಕೊಂಡೆ. ಒಂದು ದಿನ ಮತ್ತೆ ಆ ಪೈಪಿನ ಕಂಪನಿಯದೇ ಜಗಳ ನಡೆದಿತ್ತು. ಶೇಂಗಾಚಟ್ನಿ ಬರೆದರು: “ಪುಣ್ಯಾಕ ನೀವು ಅರ್ಥಶಾಸ್ತ್ರದ ಮಾಸ್ತರ ಆಗಲಿಲ್ರಿ. ಆಗಿದ್ರ ಹುಡುಗೂರ ಗತಿ ಏನಾಕ್ಕಿತ್ತು!” ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಕತ್ತಲೆಯಲ್ಲಿ ಎಸೆದ ಕಲ್ಲು ನೇರವಾಗಿ ನನ್ನ ಹಣೆಗೇ ಬಂದು ಬಿತ್ತು. ಮೂವತ್ತು ವರ್ಷದ ಮಾಸ್ತರಿಕೆ ಒಮ್ಮೆಲೇ ಹೆಡೆಯೆತ್ತಿತು. ಚರ್ಚಾಕಟ್ಟೆಯ ಮೇಲ್ವಿಚಾರಕರಿಗೆ ಉದ್ದನೆಯ ದೂರು ಬರೆದೆ. ಹೆಸರು ಹೇಳಲು ಧೈರ್ಯವಿಲ್ಲದ ಹೇಡಿಗಳಿಗೆ ಮಾತಿನ ಸ್ವಾತಂತ್ರ್ಯ ಯಾಕೆ, ಎಲ್ಲರೂ ನಿಜವಾದ ಹೆಸರಿನಲ್ಲೇ ಬರೆಯಲಿ ಎಂದು ಗುಡುಗಿ, ಕೆಳಗೆ ‘ಒಬ್ಬ ಹಿತೈಷಿ’ ಎಂದು ಸಹಿ ಹಾಕಿದೆ.

ಅದನ್ನು ಓದಿಯೋ, ನನ್ನಂಥ ಇನ್ನಷ್ಟು ಹಿತೈಷಿಗಳ ಕಾಟಕ್ಕೋ, ತಿಂಗಳೊಳಗೆ ನಿಯಮ ಬಂತು. ಇನ್ನು ನಿಜವಾದ ಹೆಸರು ಮತ್ತು ಭಾವಚಿತ್ರವಿಲ್ಲದೆ ಬರೆಯುವಂತಿಲ್ಲ. ಅದು ಜಾರಿಗೆ ಬರುವ ಹಿಂದಿನ ದಿನ ಶೇಂಗಾಚಟ್ನಿಯವರ ಕೊನೆಯ ಸಾಲು ಬಂತು: “ಹೆಸರು ಹಾಕಾಕ ಆಗೂದಿಲ್ರಿ ಹುಲಿಸಾಹೇಬ್ರ. ಆ ಕಂಪನ್ಯಾಗ ನಮ್ಮ ಮನಿಯವರ ಅದಾರ. ಒಳಗ ಹದಗೆಟ್ಟೈತಿ ಅಂತ ನಿಮಗ ಹ್ಯಾಂಗ ಹೇಳ್ಬೇಕು ತಿಳೀಲಾರದ ಬೈಕೋತ ಹೇಳಿದೆ. ವರದಿ ಓದೂದು ಬಿಡಬ್ಯಾಡ್ರಿ. ಹೋಗಿ ಬರ್ತೇನ್ರಿ.”

ಕೆಲವೇ ತಿಂಗಳಲ್ಲಿ ಆ ಪೈಪಿನ ಕಂಪನಿ ನೆಲ ಕಚ್ಚಿತು. ಅದರಲ್ಲಿ ಹಾಕಿದ್ದ ಹಣದ ದುಃಖ ವಾರದಲ್ಲಿ ಇಳಿಯಿತು, ಶೇಂಗಾಚಟ್ನಿಯವರು ಹೋದ ದುಃಖ ಇಳಿಯಲಿಲ್ಲ. ಟೈ ಕಟ್ಟಿದ ಫೋಟೋ, ಪೂರ್ತಿ ಹೆಸರು ಹಾಕಿಕೊಂಡು ನಾನು ಚರ್ಚಾಕಟ್ಟೆಯಲ್ಲೇ ಉಳಿದೆ. ಯಾವ ಕಂಪನಿಯ ಬಗ್ಗೆ ಏನು ಬರೆದರೂ ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ “ಬರೋಬರ್ ಸರ್” ಎನ್ನುತ್ತಾರೆ. ಆಗಾಗ ಸಾಂಗ್ಲಿ-ಮಿರಜದ ಬಸ್ಸಿನಲ್ಲಿ ಯಾರಾದರೂ ಕನ್ನಡದಲ್ಲಿ ಜಗಳವಾಡುತ್ತಿದ್ದರೆ ಆ ದನಿಗೆ ಕಿವಿಗೊಟ್ಟು ನನ್ನ ನಿಲ್ದಾಣ ದಾಟಿ ಹೋಗಿದ್ದೇನೆ. ಮಿರಜದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಬೇಕೆಂದೇ ಗಟ್ಟಿಯಾಗಿ, “ಆ ಪೈಪಿನ ಕಂಪನಿ ಅಗದಿ ಚಲೋ ಇತ್ತು ನೋಡ್ರಿ” ಎಂದೆ. ಯಾರಾದರೂ ಸಿಡಿದೆದ್ದು ಬೈಯಲಿ ಎಂದು ಆಸೆ. ಪಕ್ಕದವರು, “ಹೌದ್ರಿ ಸರ್, ನೀವು ಅಂದ ಮ್ಯಾಲ ಮುಗೀತು” ಎಂದು ಹೋಳಿಗೆ ಹಾಕಿಸಿಕೊಂಡರು.

ಶೇಂಗಾಚಟ್ನಿಯವರು ಬರೆಯದಿದ್ದರೂ ಓದುತ್ತಿರಬಹುದಲ್ಲವೇ ಎಂದು, ನನ್ನಿಂದ ಎಲ್ಲ ಕೇಳಿ ತಿಳಿದಿದ್ದ ಸುಮಿತ್ರಾ ಒಂದು ದಿನ ಹೇಳಿದಳು. “ತಪ್ಪಾತು ಅಂತ ಬರೀರಲ್ಲ, ಕೈಗೇನು ಧಾಡಿ?” ಎಂದಳು. ಚರ್ಚಾಕಟ್ಟೆ ತೆರೆದು ‘ಆ ದೂರು ಕೊಟ್ಟವನು ನಾನೇ’ ಎಂದು ಬರೆದೆ. ಮೇಲೆ ನೋಡಿದರೆ ಟೈ ಕಟ್ಟಿದ ಮಾಸ್ತರ ನನ್ನನ್ನೇ ದಿಟ್ಟಿಸುತ್ತಿದ್ದಾನೆ, ಪಕ್ಕದಲ್ಲಿ ಅಜ್ಜನ ಅಡ್ಡಹೆಸರು. ಅರ್ಧ ವಿಶ್ರಾಮಬಾಗ ಇದನ್ನು ಓದುತ್ತದೆ, ಬೀಗರು ಓದುತ್ತಾರೆ. ಅಳಿಸಿಬಿಟ್ಟೆ. ಹೀಗೆ ಮೂರು ಸಲ ಬರೆದು ಮೂರು ಸಲ ಅಳಿಸಿದ್ದೇನೆ.

ಆದ್ದರಿಂದ ಇದನ್ನು ಹೆಸರು ಹಾಕದೆ ಅಚ್ಚು ಮಾಡಿರೆಂದು ಸಂಪಾದಕರನ್ನು ಬೇಡಿಕೊಂಡಿದ್ದೇನೆ. ಇಂಥ ಹೇಡಿಗಳ ಬಗ್ಗೆ ನಾನು ಬರೆದ ದೂರು ಅವರ ಕಣ್ಣಿಗೆ ಬೀಳದಿರಲಿ. ಶೇಂಗಾಚಟ್ನಿಯವರೇ, ಈ ಕನ್ನಡ ಪುಸ್ತಕ ನಿಮ್ಮ ಕೈಗೆ ಸಿಗುತ್ತದೋ ಇಲ್ಲವೋ, ಸಿಕ್ಕರೆ ಇಷ್ಟು ತಿಳಿದುಕೊಳ್ಳಿ: ಈಗ ನಾನು ವರದಿಗಳನ್ನು ಪೂರ್ತಿ ಓದುತ್ತೇನೆ. ಮತ್ತು ಹುಲಿಗೆ ಈಜಲು ಬರುವುದಿಲ್ಲ, ಅಂದು ಸುಳ್ಳು ಹೇಳಿದ್ದೆ.