ಬೆಣ್ಣೆಹಣ್ಣಿನ ನೀರು, ಸಾಗುವಾನಿಯ ಸುತ್ತಳತೆ

ದೆವ್ವಗಳು ರಾತ್ರಿ ಓಡಾಡುತ್ತವೆ ಎಂಬುದು ತಂಪು ಊರಿನವರು ಹಬ್ಬಿಸಿದ ಸುದ್ದಿ. ನಾಗಪುರದಲ್ಲಿ ಅವುಗಳ ಡ್ಯೂಟಿ ಏಪ್ರಿಲ್‌ನಿಂದ ಜೂನ್‌ವರೆಗೆ, ಮಧ್ಯಾಹ್ನ ಒಂದರಿಂದ ನಾಲ್ಕು. ಆ ಹೊತ್ತಿನಲ್ಲಿ ನಮ್ಮ ಹಿಂಗಣಾ ಕಡೆಯ ಬೀದಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಎಲ್ಲ ಮನೆಗಳ ಕಿಟಕಿಯಲ್ಲೂ ಕೂಲರ್ ಗುಂಯ್‌ಗುಡುತ್ತಿರುತ್ತದೆ, ಒಳಗಿನವರು ಸತ್ತಂತೆ ಮಲಗಿರುತ್ತಾರೆ. ಇದೆಲ್ಲ ನನಗೆ ತಿಳಿದದ್ದು ತೀರ ತಡವಾಗಿ. ಮೂವತ್ತು ವರ್ಷ ಆ ಹೊತ್ತನ್ನು ನಾನು ಕಚೇರಿಯಲ್ಲಿ, ಸರ್ಕಾರಿ ಕೂಲರಿನ ಎದುರು, ಫೈಲಿನ ಮೇಲೆ ಗಲ್ಲ ಊರಿ ಕಳೆದವನು. ಹೆದರುವ ಕೆಲಸವೆಲ್ಲ ಮನೆಯಲ್ಲಿದ್ದ ಹೆಂಡತಿಯ ಪಾಲಿಗೆ ಬಂದಿತ್ತು.

ನಾನಿರುವುದು ಖರೀದಿ ವಿಭಾಗದಲ್ಲಿ. ಕುರ್ಚಿ ಕೊಳ್ಳಲಿ, ಕಸಬರಿಗೆ ಕೊಳ್ಳಲಿ, ಬಂದ ಕೊಟೇಶನ್‌ಗಳನ್ನೆಲ್ಲ ಪಕ್ಕಪಕ್ಕದ ಕಾಲಮ್ಮಿನಲ್ಲಿ ಬರೆದು ಗುಣದೋಷ ತೂಗಿ ಒಂದು ಹೋಲಿಕೆ ಪಟ್ಟಿ ಮಾಡುವುದು ನಮ್ಮ ಪದ್ಧತಿ. ಈ ಚಟ ಮನೆಗೂ ಅಂಟಿಕೊಂಡಿದೆ. ಮದುವೆಗೆ ಮುಂಚೆಯೂ ಹೀಗೊಂದು ಪಟ್ಟಿ ಮಾಡಿದ್ದೆ ಎಂಬ ಗುಮಾನಿ ನನ್ನ ಹೆಂಡತಿ ಸರೋಜಾಗೆ ಇವತ್ತಿಗೂ ಇದೆ. ದೇವರಾಣೆ ಮಾಡಿರಲಿಲ್ಲ. ಬಂದದ್ದೇ ಒಂದು ಕೊಟೇಶನ್. ಧಾರವಾಡದಿಂದ ಇಲ್ಲಿಗೆ ವರ್ಗವಾಗಿ ಬಂದು, ಕ್ವಾರ್ಟರ್ಸುಗಳಲ್ಲಿ ಆಯುಷ್ಯ ಕಳೆದು, ಎರಡು ವರ್ಷದ ಹಿಂದೆ ಹಿತ್ತಲಿರುವ ಈ ಹಳೆಯ ಮನೆ ಕೊಂಡೆವು. ಮಾರಿದವರು ಫ್ರಾನ್ಸಿಸ್ ಕಾಕಾ, ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದ ವಿಧುರರು. ಮನೆ ಬಿಟ್ಟು ಊರೊಳಗಿನ ಸದರ್ ಬಡಾವಣೆಯಲ್ಲಿ ಮಗಳ ಜೊತೆ ಇರಲು ಹೋದರು. ಹೋಗುವಾಗ ಹಿತ್ತಲಿನ ಸಾಗುವಾನಿ ಮರದ ಕಾಂಡವನ್ನು ಎರಡು ಸಲ ತಟ್ಟಿ, ಇದನ್ನು ನೋಡಿಕೊಳ್ಳಿ ಎಂದಿದ್ದರು. ಮುದುಕರು ಹಾಗೆ ಅನ್ನುವುದು ವಾಡಿಕೆ ಎಂದುಕೊಂಡು ನಾನು ತಲೆಯಾಡಿಸಿದ್ದೆ.

ಆ ಮರದ ಮಗ್ಗುಲಲ್ಲೇ ಸರೋಜಾ ತನ್ನ ಬೆಣ್ಣೆಹಣ್ಣಿನ, ಅಂದರೆ ಬಟರ್‌ಫ್ರೂಟಿನ, ಸಸಿ ನೆಟ್ಟಳು. ಸದರ್‌ನ ಅಂಗಡಿಯಿಂದ ತಂದ ಹಣ್ಣಿನ ಬೀಜ ಅದು. ಮೂರು ಕಡ್ಡಿ ಚುಚ್ಚಿ, ಅರ್ಧ ಮುಳುಗುವ ಹಾಗೆ ನೀರಿನ ಲೋಟದ ಮೇಲೆ ಕೂರಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದಳು. ಬೆಳಿಗ್ಗೆ ಚಹಾಕ್ಕೆ ಹೋದರೆ ಬೋಳುತಲೆಯ ಯಾರೋ ಲೋಟದಲ್ಲಿ ಮೂಗಿನ ತನಕ ಮುಳುಗಿ ನನ್ನನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು. ಒಂದೂವರೆ ತಿಂಗಳಿಗೆ ಆ ತಲೆ ನಡುವೆ ಸೀಳಿ, ಕೆಳಗಿನಿಂದ ಬಿಳಿಯ ಬೇರೊಂದು ಇಳಿಯಿತು. ಸರೋಜಾ ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಮಾತ್ರ ವಾರದವರೆಗೆ ಅಡುಗೆಮನೆಗೆ ಹೋಗಲು ಮನಸ್ಸಾಗಲಿಲ್ಲ.

ಸಸಿ ನೆಡುವ ಮುಂಚೆ ನಾನು ಸುಮ್ಮನಿರಲಿಲ್ಲ. ನರ್ಸರಿಯವರನ್ನು ಕೇಳಿ ಪಟ್ಟಿ ಮಾಡಿದೆ. ಸಾಗುವಾನಿ ಈ ಸೀಮೆಯದೇ ಮಗ, ಬಿಸಿಲಿಗೆ ಜಗ್ಗುವುದಿಲ್ಲ, ಬೇರೂರಿದ ಮೇಲೆ ಆರೈಕೆ ಕೇಳುವುದಿಲ್ಲ, ಆದರೆ ಕೊಯ್ಯುವಷ್ಟು ಬಲಿಯಲು ಒಂದು ತಲೆಮಾರೇ ಬೇಕು. ಬೆಣ್ಣೆಹಣ್ಣಿನ ಗಿಡ ಮಾವನ ಮನೆಗೆ ಬಂದ ಹೊಸ ಅಳಿಯ ಇದ್ದಂತೆ. ನೀರು ಕಡಿಮೆಯಾದರೆ ಒಣಗುತ್ತದೆ, ನಮ್ಮ ಕರಿಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಬಿಸಿಗಾಳಿ ಬಡಿದರೆ ಎಲೆಯ ಅಂಚು ಸುಟ್ಟುಕೊಳ್ಳುತ್ತದೆ. ಎಲ್ಲ ಸರಿಹೋದರೆ ಆರೇಳು ವರ್ಷಕ್ಕೆ ಹಣ್ಣು. ಹಣ್ಣೊಂದನ್ನು ಬಿಟ್ಟರೆ ಬೇರೆ ಲಾಭವಿಲ್ಲ, ಅದರ ಕಟ್ಟಿಗೆಯಿಂದ ಲಟ್ಟಣಿಗೆ ಮಾಡುವುದೂ ಕಷ್ಟ. ಎಳೆಯ ಗಿಡಕ್ಕೆ ನೆರಳು ಬೇಕೆಂದು ನಾನೇ ಅದನ್ನು ಸಾಗುವಾನಿಯ ಕೆಳಗೆ ನೆಡಿಸಿದ್ದೆ. ನಿಜವಾಗಿ ನೆರಳು ಬೇಕಾದ ಏಪ್ರಿಲ್ ತಿಂಗಳಲ್ಲಿ ಸಾಗುವಾನಿ ಎಲೆಯೆಲ್ಲ ಉದುರಿಸಿ ಬರಿ ಬೆತ್ತಲೆ ನಿಲ್ಲುತ್ತದೆ ಎಂಬುದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಸರೋಜಾ ಹಳೆಯ ಸೀರೆ ಕಟ್ಟಿ ನೆರಳು ಮಾಡಿ, ದಿನಕ್ಕೊಂದು ಕೊಡ ನೀರು ಹೊತ್ತಳು. ಕೂಸಿಗೆ ಜ್ವರ ನೋಡಿದಂತೆ ಎಲೆ ಮುಟ್ಟಿ ನೋಡುತ್ತಿದ್ದಳು.

ಹೆಜ್ಜೆಯ ಸದ್ದು ಶುರುವಾದದ್ದು ಆಗಲೇ. ಸಾಗುವಾನಿಯ ಒಣ ಎಲೆಗಳೆಂದರೆ ಮೊರದಷ್ಟು ಅಗಲ, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಮಧ್ಯಾಹ್ನ ಎರಡಕ್ಕೆ ಹಿತ್ತಲಲ್ಲಿ ಯಾರೋ ಚರ್, ಚರ್ ಎಂದು ನಡೆಯುತ್ತಾರಂತೆ, ಮರದ ಬಳಿ ನಿಲ್ಲುತ್ತಾರಂತೆ, ಒಂದು ನಿಟ್ಟುಸಿರು ಕೇಳುತ್ತದಂತೆ, ಆಮೇಲೆ ಮತ್ತೆ ಚರ್, ಚರ್. ಇಣುಕಿ ನೋಡಲು ಅವಳಿಗೆ ಧೈರ್ಯವಾಗಿರಲಿಲ್ಲ. ಗಾಳಿ ಇರಬೇಕು ಎಂದೆ. ಗಾಳಿ ಶುಕ್ರವಾರಕ್ಕೊಮ್ಮೆ ಮಾತ್ರ ಬರುತ್ತದೆಯೇ ಎಂದು ಕೇಳಿದಳು. ಮುಂದಿನ ಶುಕ್ರವಾರ ರಜೆ ಹಾಕಿ ಮನೆಯಲ್ಲಿ ಕೂತೆ. ಸರಿಯಾಗಿ ಎರಡಕ್ಕೆ ಚರ್ ಎಂದಿತು. ಸುಳ್ಳೇಕೆ ಹೇಳಲಿ, ನನ್ನ ಬೆನ್ನಿನ ಬೆವರು ತಣ್ಣಗಾಯಿತು. ಸರೋಜಾಳನ್ನು ಮುಂದೆ ಬಿಟ್ಟುಕೊಂಡು, ಅವಳ ರಕ್ಷಣೆಗೆ ಹಿಂದೆ ನಾನು ನಿಂತು, ಬಾಗಿಲು ತೆರೆಸಿದೆ.

ಬೋಳು ಮರವನ್ನು ತಬ್ಬಿಕೊಂಡು, ಕಾಂಡಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಒಂದು ಆಕೃತಿ ನಿಂತಿತ್ತು. ಕೈಯಲ್ಲಿ ಹಗ್ಗ. ನನ್ನ ಬಾಯಿಂದ ಬಂದ ಶಬ್ದ ಯಾವ ಭಾಷೆಯದೋ ಗೊತ್ತಿಲ್ಲ. ಅದಕ್ಕೆ ಆಕೃತಿ ಕಣ್ಣು ತೆರೆದು ನಮಸ್ತೆ ಎಂದಿತು. ಫ್ರಾನ್ಸಿಸ್ ಕಾಕಾ! ನಿಮ್ಮ ನಿದ್ದೆ ಕೆಡಿಸಬಾರದೆಂದು ಸದ್ದಿಲ್ಲದೆ ಹಿಂದಿನ ಗೇಟಿನಿಂದ ಬರುತ್ತೇನೆ ಎಂದು ಅವರು ಹಿಂದಿಯಲ್ಲಿ ಸಂಕೋಚಪಟ್ಟುಕೊಂಡರು. ಪ್ರತಿ ಶುಕ್ರವಾರ ಊಟವಾದ ಮೇಲೆ ಸದರ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರಂತೆ, ಮರದ ಸುತ್ತಳತೆ ನೋಡಲು.

ಮಜ್ಜಿಗೆ ಕುಡಿಯುತ್ತ ಅವರು ವಿಷಯ ಹೇಳಿದ ಧಾಟಿ, ಮಗಳಿಗೆ ಕಪಾಟು ಮಾಡಿಸುವವರ ಧಾಟಿ. ಈ ಮರವನ್ನು ಅವರು ನೆಟ್ಟದ್ದು ತಮ್ಮ ಶವಪೆಟ್ಟಿಗೆಗೆ. ಜೀವಮಾನವೆಲ್ಲ ಮರ ಕೊಯ್ದವನು ಕೊನೆಗೆ ಪ್ಲೈವುಡ್ಡಿನಲ್ಲಿ ಮಲಗಿದರೆ ಮೇಲಿರುವವನಿಗೆ ಏನು ಮುಖ ತೋರಿಸಲಿ ಎಂದರು. ಹಗ್ಗದಲ್ಲಿ ಒಂದು ಗಂಟಿತ್ತು. ಸುತ್ತಳತೆ ಆ ಗಂಟು ಮುಟ್ಟಿದ ದಿನ ಮರ ಸಿದ್ಧ, ತಾನೂ ಸಿದ್ಧ ಎಂದು ಪ್ರಾರ್ಥನೆಯಲ್ಲಿ ಹೇಳಿಬಿಟ್ಟಿದ್ದಾರಂತೆ. ಈಗ ಎರಡೇ ಬೆರಳು ಕಮ್ಮಿ. ಎಷ್ಟೋ ವರ್ಷ ಮಂದಗತಿಯಲ್ಲಿದ್ದ ಮರ ಈ ವರ್ಷ ಏಕಾಏಕಿ ಮೈತುಂಬಿಕೊಂಡಿದೆ, ಬೆಣ್ಣೆಹಣ್ಣಿನ ಬುಡಕ್ಕೆ ಬಹೂ, ಎಂದರೆ ಸೊಸೆ, ಹಾಕುವ ನೀರನ್ನೆಲ್ಲ ಇದೇ ಕುಡಿಯುತ್ತಿದೆ ಎಂದು ಕೈಮುಗಿದು ಸರೋಜಾಗೆ ಧನ್ಯವಾದ ಹೇಳಿದರು. ಮಳೆಗಾಲದ ಬೆಳವಣಿಗೆ ಮುಗಿದು ದೀಪಾವಳಿ ಆದ ಮೇಲೆ ಮತ್ತೆ ಅಳೆಯೋಣ, ಅಲ್ಲಿಯವರೆಗೆ ಇದು ಇಲ್ಲೇ ಇರಲಿ ಎಂದು ಹಗ್ಗವನ್ನು ವರಾಂಡದ ಮೊಳೆಗೆ ತೂಗುಹಾಕಿ ಹೋದರು.

ಸರೋಜಾಳ ಮುಖದಲ್ಲಿ ರಕ್ತವಿರಲಿಲ್ಲ. ದೆವ್ವವಾಗಿದ್ದರೆ ಪುರೋಹಿತರನ್ನು ಕರೆಸಬಹುದಿತ್ತು. ಇದಕ್ಕೆ ಯಾರನ್ನು ಕರೆಸುವುದು? ಮರಕ್ಕೂ ಮನುಷ್ಯನ ಆಯುಷ್ಯಕ್ಕೂ ಏನು ಸಂಬಂಧ, ಮುದುಕರ ಹುಚ್ಚು ಎಂದು ನಾನು ವಿಜ್ಞಾನ ಹೇಳಲು ಶುರುಮಾಡಿದೆ. ಅವಳು ಖಾಲಿ ಕೊಡ ನೆಲಕ್ಕಿಟ್ಟು ಹೇಳಿದಳು:

“ಒಂದು ಗಿಡಾ ಉಳಸಾಕ ಹೋಗಿ, ಆ ಮನಷ್ಯಾನ್ನ ದಿನಾ ಒಂದೊಂದು ಕೊಡ ನೀರು ಹಾಕಿ ಮ್ಯಾಲ ಕಳಸಾಕ ಹತ್ತೀನಲ್ರಿ ನಾ.”

“ನೀರು ಬಿಟ್ಟರ ನಿನ್ನ ಗಿಡಾ ಉಳಿಯೂದಿಲ್ಲ, ನೋಡು.”

“ಹಣ್ಣು ಸದರ್‌ನ್ಯಾಗ ಸಿಗತಾವ. ಕಾಕಾ ಎಲ್ಲಿ ಸಿಗತಾರ?”

ಮರುದಿನದಿಂದ ನೀರು ನಿಂತಿತು. ಬೇರೆಡೆ ನೆಡೋಣವೆಂದರೆ ಆ ಬಿಸಿಲಿನಲ್ಲಿ ಕಿತ್ತ ಸಸಿ ಬದುಕುವುದಿಲ್ಲ ಎಂದರು ನರ್ಸರಿಯವರು. ಮೇ ತಿಂಗಳ ಹತ್ತು ಹದಿನೈದು ದಿನಗಳಲ್ಲಿ ಗಿಡ ಎಲೆಗಳನ್ನು ಒಂದೊಂದಾಗಿ ಮಡಚಿಕೊಂಡು ಕಂದಿಹೋಯಿತು. ಸರೋಜಾ ಆ ಕಡೆಯ ಕಿಟಕಿ ಮುಚ್ಚಿಟ್ಟಳು, ಒಳಗೆ ಕೂತು ಅತ್ತದ್ದೂ ನನಗೆ ಗೊತ್ತು. ಮೊದಲ ಮಳೆಗೆ ಸಾಗುವಾನಿ ಬುಡದಿಂದ ಎಳೆ ಚಿಗುರು ಬಿಟ್ಟಾಗ ಅವಳು ಸಿಟ್ಟಿನಿಂದ ಅದನ್ನೆಲ್ಲ ಕಿತ್ತು ಹೊಸಕಿದಳು. ಸಾಗುವಾನಿಯ ಚಿಗುರು ಹೊಸಕಿದರೆ ಕೆಂಪು ಬಣ್ಣ ಬಿಡುತ್ತದೆ. ಎರಡೂ ಅಂಗೈ ರಕ್ತ ಮೆತ್ತಿದಂತೆ ಹಿಡಿದುಕೊಂಡು ಅವಳು ಬಾಗಿಲಲ್ಲಿ ನಿಂತದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ವರ್ಷ ಮಳೆ ಧಾರಾಳವಾಗಿ ಸುರಿಯಿತು. ಮಳೆಗೆ ಬೇಡ ಅನ್ನಲು ಯಾರಿಂದಾದೀತು? ಕಾಕಾ ಮಾತ್ರ ಶುಕ್ರವಾರ ತಪ್ಪಿಸಲಿಲ್ಲ. ಈಗ ಮುಂಬಾಗಿಲಿನಿಂದಲೇ ಬಂದು ಮಜ್ಜಿಗೆ ಕುಡಿದು, ಸರೋಜಾಳ ಈಳಿಗೆಯ ಮಣೆ ರಿಪೇರಿ ಮಾಡಿಕೊಟ್ಟು, ವರಾಂಡದಲ್ಲೇ ಒಂದು ಕೋಳಿನಿದ್ದೆ ತೆಗೆದು ಹೋಗುತ್ತಿದ್ದರು. ಬರುವುದು ಹತ್ತು ನಿಮಿಷ ತಡವಾದರೆ ಇವಳು ಗೇಟಿಗೂ ಅಡುಗೆಮನೆಗೂ ಅಡ್ಡಾಡುತ್ತಿದ್ದಳು. ಶುಕ್ರವಾರಗಳಂದು ನಾನೂ ಏನೋ ನೆಪ ಹೇಳಿ ಕಚೇರಿಯಿಂದ ಮಧ್ಯಾಹ್ನವೇ ಬರತೊಡಗಿದೆ.

ದೀಪಾವಳಿ ಮುಗಿದ ಶುಕ್ರವಾರ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಮೊಳೆಯಿಂದ ಹಗ್ಗ ತೆಗೆದು ಮರಕ್ಕೆ ಸುತ್ತಿದರು. ಗಂಟು ಒಂದು ಗೇಣು ಆಚೆ ಉಳಿಯಿತು. ಏಪ್ರಿಲ್‌ನಲ್ಲಿ ಎರಡು ಬೆರಳು ಕಮ್ಮಿ ಇದ್ದ ಮರ, ಇಡೀ ಮಳೆಗಾಲ ಕುಡಿದು, ಒಂದು ಗೇಣು ಕಮ್ಮಿಯಾಗಿ ನಿಂತಿತ್ತು. ನಾನು ಸರೋಜಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆಗಸ್ಟಿನಲ್ಲಿ ಒಂದು ದಿನ ಅವಳು ಮಲಗಿದ್ದಾಗ ಆ ಗಂಟು ಬಿಚ್ಚಿ ನಾಲ್ಕು ಬೆರಳು ಆಚೆ ಕಟ್ಟಿದವನು ನಾನು. ನಾನು ಕಚೇರಿಗೆ ಹೋದಾಗ ಅವಳೂ ಅದನ್ನೇ ಮಾಡಿದ್ದಳೆಂದು ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳದೂ ನಾಲ್ಕು ಬೆರಳೇ, ಆಮೇಲೆ ಒಪ್ಪಿಕೊಂಡಳು. ಇಬ್ಬರದೂ, ಮೊದಲಿನ ಎರಡು ಬೆರಳೂ ಕೂಡಿಸಿದರೂ ಹನ್ನೆರಡು ಬೆರಳಿನ ಗೇಣು ತುಂಬುವುದಿಲ್ಲ, ಮೇಲಾಗಿ ಮರವೂ ಬೆಳೆದಿರಬೇಕು. ಉಳಿದದ್ದು ಯಾರ ಬೆರಳು?

ಮೂವತ್ತೈದು ವರ್ಷ ಮಕ್ಕಳ ಹಲಗೆಗಳನ್ನು ನೂಲಿನಷ್ಟೂ ತಪ್ಪದಂತೆ ಅಳೆದ ಕಾಕಾ ಆ ಗೇಣನ್ನು ನೋಡಿ ಒಂಚೂರೂ ಆಶ್ಚರ್ಯಪಡಲಿಲ್ಲ. ಹಗ್ಗ ಸುತ್ತಿ ತಾವೇ ಮೊಳೆಗೆ ಹಾಕಿ, ನಮ್ಮ ಕಡೆ ತಿರುಗದೆ, “ಅಭೀ ಬಹುತ್ ಟೈಮ್ ಹೈ”, ಇನ್ನೂ ಬೇಕಾದಷ್ಟು ಸಮಯವಿದೆ, ಎಂದು ಇನ್ನೊಂದು ಲೋಟ ಮಜ್ಜಿಗೆ ಕೇಳಿದರು. ಅಳತೆಯಲ್ಲಿ ಒಂದು ಬೆರಳು ವ್ಯತ್ಯಾಸ ಮಾಡಿದ ಗುತ್ತಿಗೆದಾರರನ್ನು ಕಪ್ಪುಪಟ್ಟಿಗೆ ಹಾಕಿ, ಸಾಹೇಬರಿಂದ ಭೇಷ್ ಅನ್ನಿಸಿಕೊಂಡವನು ನಾನು. ಅವತ್ತು ಮಾತ್ರ, ಅಳತೆ ಬರೋಬರ್ ಇದೆ ಕಾಕಾ ಎಂದು ಹೇಳಿ, ಲೋಟ ತರಲು ಒಳಗೆ ಹೋದೆ.