ಪಾರ್ಗೆಟರ್ ಬಿಲ್ಲು ಕೊಂಡ ದಿನ

ಲಯನಲ್ ಪಾರ್ಗೆಟರನ ಕಷ್ಟಗಳಿಗೆಲ್ಲ ಮೂಲ ಅವನ ದುಂಡಗಿನ ಅಕ್ಷರ. ಔಷಧಿ ಅಂಗಡಿ ನಡೆಸುವವನ ಅಕ್ಷರ ಅಷ್ಟು ಚೆನ್ನಾಗಿರಬಾರದು. ನಮ್ಮೂರಲ್ಲಿ ಯಾರು ಯಾವ ಸಭೆ ಕರೆದರೂ ಅರ್ಧ ಗಂಟೆಯೊಳಗೆ ಪೆನ್ನು ಅವನ ಕೈಗೆ ಬರುತ್ತಿತ್ತು, ಸಭೆ ಮುಗಿಯುವಷ್ಟರಲ್ಲಿ ಅವನು ಕಾರ್ಯದರ್ಶಿಯಾಗಿರುತ್ತಿದ್ದ. ಚರ್ಚಿನ ಚಾವಣಿ ಸಮಿತಿ, ತರಕಾರಿ ತೋಟದವರ ಸಂಘ, ಬಾತುಕೋಳಿ ಕೊಳದ ಸಮಿತಿ ಮೂರಕ್ಕೂ ಅವನೇ. ಹಿತ್ತಾಳೆ ವಾದ್ಯದ ತಂಡಕ್ಕೂ ಅವನೇ ಕಾರ್ಯದರ್ಶಿ, ಪೀಪಿ ಊದಲು ಸಹ ಬಾರದಿದ್ದರೂ.

ಚಳಿಗಾಲದಲ್ಲಿ ಒಂದು ದಿನ ಸಭೆಯ ನಡುವೆಯೇ ಅವನಿಗೆ ತಲೆ ಸುತ್ತಿತು. ಡಾಕ್ಟರು ರಕ್ತದೊತ್ತಡ ನೋಡಿ, ಇದೆಲ್ಲ ಬಿಡದಿದ್ದರೆ ಮುಂದಿನ ಸಭೆಗೆ ನಿಮ್ಮನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ ಎಂದರು. ಹೆಂಡತಿ ಹೆಸ್ಟರ್ ಇನ್ನೂ ನೇರವಾಗಿ ಹೇಳಿದಳು.

"ಇನ್ನೊಂದು ಸಮಿತಿ ಅಂದ್ರೆ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ, ಲಯನಲ್. ಬೆಕ್ಕೂ ನನ್ ಜೊತೆನೇ ಬರುತ್ತೆ."

ಈಸ್ಟರ್ ಹಬ್ಬದ ಹೊತ್ತಿಗೆ ಅವನು ನಾಲ್ಕಕ್ಕೂ ರಾಜೀನಾಮೆ ಕೊಟ್ಟ. ಆ ಪತ್ರಗಳ ಅಕ್ಷರವೂ ಚೆನ್ನಾಗಿಯೇ ಇತ್ತು. ಆಮೇಲೆ ಬಹಳ ಯೋಚಿಸಿ ಬಿಲ್ಲುಗಾರಿಕೆಯನ್ನು ಆರಿಸಿಕೊಂಡ. ಬಿಲ್ಲಿಗೆ ಎರಡೂ ಕೈ ಬೇಕು, ಪೆನ್ನು ಹಿಡಿಯಲು ಮೂರನೆಯದಿಲ್ಲ ಎಂಬುದು ಅವನ ಲೆಕ್ಕಾಚಾರ.

ಮೇ ತಿಂಗಳ ಮೊದಲ ಭಾನುವಾರ ನಮ್ಮ ಓಕ್ ಕಾಡಿನಲ್ಲಿ ಬಿಲ್ಲಿನವರ ವರ್ಷದ ಬೇಟೆ. ಬೇಟೆ ಎಂದರೆ ಫೋಮಿನ ಪ್ರಾಣಿಗಳದ್ದು. ನಿಜವಾದ ಜಿಂಕೆಗೆ ಬಾಣ ಬಿಟ್ಟರೆ ಪೊಲೀಸರು ಮನೆಗೆ ಬರುತ್ತಾರೆ. ಫೋಮಿನ ಜಿಂಕೆಗೆ ಬಿಟ್ಟರೆ ಟೀ ಕೊಡುತ್ತಾರೆ. ಲಯನಲ್ ಬೆಳಿಗ್ಗೆ ಒಂಬತ್ತಕ್ಕೇ ಹಾಜರಾದ. ತಂಡದ ನಾಯಕ ಕ್ಲೆಮೆಂಟ್ ಗೇಟಿನ ಬಳಿ ಗೋಂದಿನ ಡಬ್ಬಿ ಹಿಡಿದು ನರಿಯೊಂದರ ಬಾಲ ಅಂಟಿಸುತ್ತಿದ್ದ. ನಿದ್ದೆಗೆಟ್ಟವನ ಮುಖ.

"ಒಂದೇ ಒಂದು ಪ್ರಶ್ನೆ," ಎಂದ ಲಯನಲ್. "ಇಲ್ಲಿ ಸಮಿತಿ ಇದೆಯಾ?"

"ಇಲ್ಲ."

"ಚುನಾವಣೆ? ಕೈ ಎತ್ತೋದು, ಹೆಸರು ಸೂಚಿಸೋದು?"

"ಯಾವತ್ತೂ ನಡೆದಿಲ್ಲಪ್ಪ. ನಿಮಗೆ ದೂರದ್ದು ಚೆನ್ನಾಗಿ ಕಾಣುತ್ತಾ?"

"ಕಾಣುತ್ತೆ."

"ಬನ್ನಿ ಬನ್ನಿ," ಎಂದು ಕ್ಲೆಮೆಂಟ್ ಬಾಲವನ್ನು ಅಲ್ಲೇ ಬಿಟ್ಟು ಅವನ ತೋಳು ಹಿಡಿದುಕೊಂಡ. "ನಿಮಗೊಂದು ಒಳ್ಳೇ ಬಿಲ್ಲು ನೋಡೋಣ."

ಬಿಲ್ಲು ಮಾಡುವ ಎಮ್ರಿಸ್ ಗಡಿಯಾಚೆಯ ವೇಲ್ಸಿನವನು, ಮಾತು ಕಮ್ಮಿ. ತನ್ನ ವ್ಯಾನಿನ ಹಿಂದೆ ಕಂಬಳಿ ಹಾಸಿ ಹತ್ತು ಬಿಲ್ಲು ಸಾಲಾಗಿ ಇಟ್ಟಿದ್ದ. ಲಯನಲ್ ನೇರ ಹೋಗಿ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿಕೊಂಡ. ಮೊದಲ ಸಲ ಬಿಲ್ಲು ಕೊಳ್ಳುವ ಗಂಡಸರೆಲ್ಲ ಮಾಡುವುದು ಅದನ್ನೇ.

"ಯೂ ಮರದ್ದು," ಎಂದ ಎಮ್ರಿಸ್. "ಎಳೆಯೋಕೆ ಎಪ್ಪತ್ತು ಪೌಂಡ್ ಬಲ ಬೇಕು."

"ಔಷಧಿ ಪೆಟ್ಟಿಗೆ ಎತ್ತಿ ಅಭ್ಯಾಸ ಇದೆ ನನಗೆ," ಎಂದ ಲಯನಲ್.

ಎಳೆದ. ಹೆದೆ ನಾಲ್ಕು ಬೆರಳು ಹಿಂದೆ ಬಂತು, ಅಲ್ಲಿಂದಾಚೆ ಬರಲೊಲ್ಲದು. ಮುಖ ಬೀಟ್‌ರೂಟಿನಂತಾಯಿತು, ಕಿವಿ ಅಲ್ಲಾಡಿತು, ಅಂಗಿಯ ಗುಂಡಿಯೊಂದು ಕಿತ್ತು ಹುಲ್ಲಿನೊಳಗೆ ಬಿತ್ತು. ಬಿಲ್ಲು ಮಾತ್ರ ಇದ್ದ ಹಾಗೇ ಇತ್ತು.

"ನೀವು ಅದನ್ನ ಎಳೀತಿದೀರೋ, ಅದು ನಿಮ್ಮನ್ನೋ?" ಎಂದು ಎಮ್ರಿಸ್ ವಿನಯದಿಂದ ಕೇಳಿದ.

ಅಷ್ಟರಲ್ಲಿ ಮೇಬಲ್ ಗಿಟಿನ್ಸ್ ಬಂದಳು. ಎಪ್ಪತ್ತನಾಲ್ಕು ವರ್ಷದ ನಿವೃತ್ತ ನರ್ಸಮ್ಮ, ನಮ್ಮ ಕಾಡಿನಲ್ಲಿ ಅವಳಂಥ ಗುರಿ ಇನ್ನೊಬ್ಬರದಿಲ್ಲ. ಬಿಲ್ಲನ್ನು ಅವನ ಕೈಯಿಂದ ಕಿತ್ತು ಕಂಬಳಿಯ ಮೇಲಿಟ್ಟಳು.

"ಬೆನ್ನು ಹಿಡ್ಕೊಂಡ್ರೆ ಆಮೇಲೆ ನಾನೇ ತಾನೇ ಎಣ್ಣೆ ತಿಕ್ಬೇಕು? ಕೈ ಚಾಚು ಮರಿ."

ಅವನನ್ನು ಬೆದರುಬೊಂಬೆಯ ಹಾಗೆ ನಿಲ್ಲಿಸಿ ಟೇಪಿನಿಂದ ಅಳೆದಳು. ಆಮೇಲೆ ಪರೀಕ್ಷೆ. ಪೂರ್ತಿ ಎಳೆದು ಹಿಡಿದು, ಕೈ ನಡುಗದೆ ತನ್ನ ಹೆಸರು, ಹೆಂಡತಿಯ ಹೆಸರು, ಮನೆಯ ವಿಳಾಸ ಹೇಳಬೇಕು. ಐವತ್ತೈದು ಪೌಂಡಿನ ಬಿಲ್ಲಿನಲ್ಲಿ ಅವನಿಗೆ ತನ್ನ ಹೆಸರೇ ಪೂರ್ತಿ ಬರಲಿಲ್ಲ. ನಲವತ್ತೈದರಲ್ಲಿ ಹೆಸ್ಟರ್‌ವರೆಗೆ ಬಂದು ನಿಂತ. ಮೂವತ್ತೆಂಟು ಪೌಂಡಿನ ಆ್ಯಶ್ ಮರದ ಬಿಲ್ಲಿನಲ್ಲಿ ಪಿನ್ ಕೋಡ್ ಸಮೇತ ಹೇಳಿದ.

"ಇದೇ," ಎಂದಳು ಮೇಬಲ್.

"ಇದು ಹೆಂಗಸರ ಬಿಲ್ಲಲ್ವಾ?"

"ಹೆಂಗಸಿನ ಬಿಲ್ಲು ಬೇಕಾ? ನಂದು ಐವತ್ತೆರಡು ಪೌಂಡು. ತಗೋ, ಎಳಿ."

ಲಯನಲ್ ದುಡ್ಡು ಕೊಟ್ಟು ಆ್ಯಶ್ ಬಿಲ್ಲನ್ನೇ ಹಿಡಿದುಕೊಂಡ.

ಆಮೇಲೆ ಶುರುವಾಯಿತು ನೋಡಿ ಉಪಚಾರ. ಒಬ್ಬ ಅವನ ಬಿಲ್ಲಿಗೆ ಹೊಂದುವ ಬಾಣಗಳನ್ನು ಆರಿಸಿ ಕೊಟ್ಟ, ಇನ್ನೊಬ್ಬ ಬತ್ತಳಿಕೆ ಕಟ್ಟಿದ. ಕ್ಲೆಮೆಂಟ್ ತನ್ನ ಮುಂಗೈಯ ತೊಗಲು ಪಟ್ಟಿಯನ್ನೇ ಬಿಚ್ಚಿ ತೊಡಿಸಿದ, ತನ್ನ ಪಾಲಿನ ಹಂದಿಮಾಂಸದ ಕಡುಬನ್ನೂ ಕೊಟ್ಟ. ಲಯನಲ್‌ಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಾಲ್ಕು ಸಂಘಗಳಿಗೆ ದುಡಿದರೂ ಯಾರೂ ಒಂದು ಬಿಸ್ಕತ್ತು ಸಹ ಕೊಟ್ಟಿರಲಿಲ್ಲ.

ಕಾಡಿನೊಳಗೆ ಅವನ ಬೇಟೆ ಬೇಟೆಯಂತಿರಲಿಲ್ಲ. ಮೊದಲ ಬಾಣ ಜಿಂಕೆಯ ಬೆನ್ನ ಮೇಲಿಂದ ಹಾರಿ ಮುಳ್ಳುಪೊದೆ ಸೇರಿತು. ಅದನ್ನು ಹುಡುಕಲು ನುಗ್ಗಿದವನ ಪ್ಯಾಂಟು ಎರಡು ಕಡೆ ಹರಿಯಿತು. ಎರಡನೆಯದು ಫೋಮಿನ ಕರಡಿಯ ಪಕ್ಕದ ಮರಕ್ಕೆ ಬಡಿದು ಅವನ ಕಾಲ ಬಳಿಗೇ ವಾಪಸು ಬಂತು. ಮೂರನೆಯದಕ್ಕೆ ಫೋಮಿನ ಬಾತುಕೋಳಿಯನ್ನು ನೋಡುತ್ತ ಒಂದು ಹೆಜ್ಜೆ ಹಿಂದಿಟ್ಟು ತೊರೆಗೆ ಬಿದ್ದ. ಬೇರೆ ಕಡೆಯಾಗಿದ್ದರೆ ನಗುತ್ತಿದ್ದರು. ಇಲ್ಲಿ ನಾಲ್ಕು ಜನ ಎತ್ತಿ, ಒರೆಸಿ, ಒಣ ಕಾಲುಚೀಲ ಹಾಕಿದರು.

"ಮೊಣಕೈ ಮೇಲೆ ಮರಿ," ಎನ್ನುತ್ತಿದ್ದಳು ಮೇಬಲ್. "ಉಸಿರು ಬಿಟ್ಟು ಆಮೇಲೆ ಬಾಣ ಬಿಡು. ಬಾಣ ನೋಡ್ಬೇಡ, ಹೊಡಿಬೇಕಾದ್ದನ್ನ ನೋಡು."

ಮಧ್ಯಾಹ್ನದ ಹೊತ್ತಿಗೆ ಮೊಲದ ಕಿವಿಗೆ ಒಂದು ತಾಗಿತು. ಆಮೇಲೆ ನರಿಯ ಹೊಟ್ಟೆಗೆ. ಪ್ರತಿ ಸಲವೂ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಕೊನೆಯದು ಕಾಡುಹಂದಿ. ಅದರ ಎದೆಯ ಮೇಲೆ ಟೀ ತಟ್ಟೆಯಷ್ಟಗಲದ ಕಪ್ಪು ವೃತ್ತ. ಒಬ್ಬರಾದ ಮೇಲೆ ಒಬ್ಬರು ಬಾಣ ಬಿಡಬೇಕು, ಆ ವೃತ್ತಕ್ಕೆ ಯಾರದಾದರೂ ಬಿದ್ದರೆ ದಿನದ ಬೇಟೆ ಮುಗಿದಂತೆ. ಲಯನಲ್ ಸೇರಿ ಹದಿನೇಳು ಜನ ಬಿಟ್ಟರು. ಒಬ್ಬರದೂ ಬೀಳಲಿಲ್ಲ. ಬೆಳಿಗ್ಗೆ ನಲವತ್ತು ಹೆಜ್ಜೆ ದೂರದಿಂದ ನರಿಯ ಕಣ್ಣಿಗೆ ಹೊಡೆದಿದ್ದ ಮೇಬಲ್, ಇಪ್ಪತ್ತು ಹೆಜ್ಜೆಯ ಹಂದಿಯನ್ನು ಬಿಟ್ಟು ಪಕ್ಕದ ಜರೀಗಿಡಕ್ಕೆ ಹೊಡೆದಳು.

"ವಯಸ್ಸಾಯ್ತು," ಎಂದಳು.

ಎರಡನೆಯ ಸುತ್ತೂ ಹಾಗೇ ಹೋಯಿತು. ಒಬ್ಬನಂತೂ ಸೀನು ಬಂತೆಂದು ಆಕಾಶಕ್ಕೆ ಬಿಟ್ಟ. ಕ್ಲೆಮೆಂಟ್ ಬಿಲ್ಲಿಲ್ಲದೆ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಕೊನೆಯ ಸರದಿಯ ಲಯನಲ್‌ಗೆ ಇವರ ಮೇಲೆ ಕನಿಕರ ಬಂತು. ಪಾಪ, ಎಷ್ಟು ಒಳ್ಳೆಯ ಜನ, ಗುರಿ ಮಾತ್ರ ಇಲ್ಲ. ಇಂದು ತನಗೆ ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಬಾಣವನ್ನಾದರೂ ತೋರಿಸಬೇಕು ಎಂದುಕೊಂಡ. ಮೊಣಕೈ ಎತ್ತಿದ, ಉಸಿರು ಬಿಟ್ಟ, ಕಪ್ಪು ವೃತ್ತವನ್ನೇ ನೋಡಿದ.

ಬಾಣ ಹೋಗಿ ವೃತ್ತದ ನಟ್ಟನಡುವೆ ನಿಂತಿತು.

ತಕ್ಷಣ ಎದ್ದ ಕೂಗಿಗೆ ಮರದ ಪಾರಿವಾಳಗಳೆಲ್ಲ ಹಾರಿಹೋದವು. ಟೋಪಿಗಳು ಮೇಲೆ ಹೋದವು. ಮೇಬಲ್ ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಕ್ಲೆಮೆಂಟ್ ಹುಲ್ಲಿನ ಮೇಲೆ ಕೂತು ಅಳುತ್ತಿದ್ದ. ಐವತ್ತೆಂಟು ವರ್ಷದಲ್ಲಿ ತನ್ನಿಂದ ಇಷ್ಟು ಜನಕ್ಕೆ ಇಷ್ಟು ಸಂತೋಷ ಆದದ್ದನ್ನು ಲಯನಲ್ ಕಂಡಿರಲಿಲ್ಲ. ಅವನ ಎದೆ ಉಬ್ಬಿತು.

ಕ್ಲೆಮೆಂಟ್ ಎದ್ದು, ತನ್ನ ಕೊರಳಲ್ಲಿದ್ದ ಊದುವ ಬೆಳ್ಳಿ ಕೊಂಬನ್ನು ತೆಗೆದು ಲಯನಲ್‌ನ ಕೊರಳಿಗೆ ಹಾಕಿದ. ಆಮೇಲೆ ಓಡಿಹೋಗಿ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಅವನ ತೋಳಿಗೆ ಹೇರಿದ.

"ಇದೇನು?"

"ಸದಸ್ಯರ ಪಟ್ಟಿ, ವಿಮೆ ಕಾಗದ, ಕಾಡಿನ ಯಜಮಾನರಿಗೆ ತಿಂಗಳಿಗೊಂದು ಪತ್ರ ಬರೀಬೇಕು ಅದರ ಫೈಲು, ಗೇಟಿನ ಬೀಗದ ಕೈ, ಗೋಂದು. ಮುಂದಿನ ಮೇ ಬೇಟೆಗೆ ಮನೆಮಂದಿ, ನೆಂಟರು ಸೇರಿ ನೂರಿಪ್ಪತ್ತು ಜನಕ್ಕೆ ಸೂಪು. ಹಂದಿ ಎದೆಗೆ ಮೊದಲು ಹೊಡೆದವರೇ ವರ್ಷದ ನಾಯಕರು. ನಮ್ಮ ಮುತ್ತಜ್ಜಂದಿರ ಕಾಲದಿಂದ ಹಾಗೇ. ನಾನು ಹೋದ ಸಲ ತಪ್ಪಿಸೋಕೆ ಹೋಗಿ, ಗಾಳಿ ಲೆಕ್ಕ ತಪ್ಪಿ ಹೊಡೆದುಬಿಟ್ಟೆ."

ಲಯನಲ್‌ಗೆ ತಲೆ ಸುತ್ತಿದಂತಾಯಿತು. "ಸಮಿತಿ ಇಲ್ಲ ಅಂದ್ರಲ್ಲ ನೀವು?"

"ಇಲ್ಲವಲ್ಲ. ನೀವೊಬ್ಬರೇ."

"ಸಾಯಲಿ, ಬಾಣನಾದ್ರೂ ಹೊಡೀಬಹುದು ತಾನೇ?"

"ನಾಯಕ ಆದವರು ವರ್ಷಪೂರ್ತಿ ಬಿಲ್ಲು ಮುಟ್ಟೋ ಹಾಗಿಲ್ಲ ಮರಿ," ಎಂದಳು ಮೇಬಲ್. "ಅಂಕ ಬರೆಯೋರು ಯಾರು ಆಮೇಲೆ?" ಪೆಟ್ಟಿಗೆಯ ಮೇಲೆ ಒಂದು ಪೆನ್ನು ಇಟ್ಟಳು.

ಸಂಜೆ ಐದಕ್ಕೆ ಅವನು ಮನೆ ಸೇರಿದಾಗ ಹೆಸ್ಟರ್ ಬಾಗಿಲಲ್ಲೇ ಇದ್ದಳು. ಹರಿದ ಪ್ಯಾಂಟು, ಬೇರೆಯವರ ಕಾಲುಚೀಲ, ಕೊರಳಲ್ಲಿ ಕೊಂಬು, ಬೆನ್ನಿಗೆ ಹೊಸ ಬಿಲ್ಲು, ತೋಳಲ್ಲಿ ಪೆಟ್ಟಿಗೆ. ಅವಳು ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಬೆಕ್ಕಿನ ಬುಟ್ಟಿಯನ್ನು ಅಟ್ಟದಿಂದ ಇಳಿಸಿದಳು.

"ಬಾಣ ಗುರಿಗೇನಾದ್ರೂ ತಾಗ್ತಾ?" ಎಂದು ಒಳಗಿನಿಂದಲೇ ಕೇಳಿದಳು.

"ಅದೇ ತೊಂದರೆ ಆಗಿದ್ದು," ಎಂದ ಲಯನಲ್.