ಬಾಯಿ ಬಿಟ್ಟ ರಾಜಕುಮಾರ

ಬೆಂಕಿ ದಾಟಬಹುದು, ನೀರಿನಲ್ಲಿ ಮುಳುಗಿ ಏಳಬಹುದು. ಹೆಂಡತಿ ಎದುರು ನಿಂತು ಹಾಡುವಾಗ ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಎಲ್ಲರಿಂದಾಗುವ ಕೆಲಸವಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ಬೆಂಕಿ ಎಂದರೆ ನಮ್ಮ ನಾಟಕದಲ್ಲಿ ಫ್ಯಾನಿನ ಮುಂದೆ ಹಾರಾಡುತ್ತಿದ್ದ ಕೆಂಪು ಕಾಗದ, ನೀರೆಂದರೆ ಇಬ್ಬರು ಹಿಡಿದು ಅಲುಗಿಸುತ್ತಿದ್ದ ನೀಲಿ ಸೀರೆ. ಮೌನವೊಂದೇ ಅಸಲಿ.

ಅಂಕೋಲೆಯ ನಮ್ಮ ನಾಟಕ ಸಂಘಕ್ಕೆ ನಾಯ್ಕ ಮಾಸ್ತರರೇ ಎಲ್ಲ. ನಿವೃತ್ತರಾದ ಮೇಲೆ ಅವರಿಗೆ ಮಾತೆಲ್ಲ ಹಾಡೇ ಆಗಿರುವ ಒಪೆರಾದ ಹುಚ್ಚು ಹತ್ತಿತು. ಮೊಬೈಲಿನಲ್ಲಿ ನೋಡಿ ನೋಡಿ, ತಾವೇ ಒಂದು ಕಿನ್ನರಕಥೆಯನ್ನು ಹಾಡುಗಳಲ್ಲಿ ಬರೆದರು. ಮಂತ್ರವಾದಿಯ ಪರೀಕ್ಷೆಗಳನ್ನು ಗೆದ್ದರೆ ರಾಜಕುಮಾರನಿಗೆ ರಾಜಕುಮಾರಿ. ಕೊನೆಯ ಪರೀಕ್ಷೆ ಮೌನದ್ದು. ಅವಳು ಅತ್ತು ಹಾಡುತ್ತಾಳೆ. ಮಂತ್ರವಾದಿ ಕೋಲೆತ್ತುವವರೆಗೆ ಅವನು ತುಟಿ ಬಿಚ್ಚಿದರೆ ಅವಳು ಶಿಲೆಯಾಗುತ್ತಾಳೆ. ರಾಜಕುಮಾರ ನಾನು. ನನ್ನ ಕಂಠ ಕೇಳಿದ ಮೇಲೆ ಮಾಸ್ತರರು ಈ ಮೌನವನ್ನು ಇನ್ನಷ್ಟು ಉದ್ದ ಮಾಡಿದರೆಂದು ಸಂಘದವರು ಹೇಳುತ್ತಾರೆ. ನಾನು ನಂಬುತ್ತೇನೆ.

ರಾಜಕುಮಾರಿ ನನ್ನ ಹೆಂಡತಿ ಸುಮನಾ. ಹಾರವಾಡದವಳು. ಮದುವೆಗೆ ಮೊದಲು ಎಲ್ಲೆಲ್ಲೋ ಹಾಡಿದವಳು, ಆಮೇಲೆ ಅಡುಗೆಮನೆಯಲ್ಲಿ ಮಾತ್ರ. ಅಲ್ಲಿಯೂ ನಾನು "ಬಂಗಡೆ ಮೀನು ತೊಳೆದಾಯ್ತಾ?" ಎಂದು ನಡುವೆ ಬಾಯಿ ಹಾಕುವವನು. ಎಷ್ಟೋ ವರ್ಷಗಳ ಮೇಲೆ ಜನರೆದುರು ಒಂದಿಡೀ ಹಾಡು ಸಿಕ್ಕಿತ್ತು. "ಇದೊಂದ್ ಹಾಡ್ ಮುಗೂತನಕ ಸುಮ್ಗಿರಿ. ಬೇರೆಂತದೂ ಬೇಡ ನಂಗೆ" ಎಂದಳು. ಕಣ್ಣಲ್ಲಿ ನೀರಿತ್ತು. ಹಾಗಾಗಿ ಕೆಲಸಕ್ಕೆ ಹೋಗುವ ಕಾರವಾರದ ಬಸ್ಸಿನಲ್ಲೇ ಮೌನದ ಅಭ್ಯಾಸ ಶುರು ಮಾಡಿದೆ. ಹಲ್ಲುನೋವೆಂದು ತಿಳಿದ ಸಹಪ್ರಯಾಣಿಕರು ಲವಂಗ ಕೊಟ್ಟರು. ಬೇಡ ಎನ್ನಲು ಮಾತಾಡಬೇಕಲ್ಲ, ತಿಂದೆ.

ಒಂದು ಅಪಾಯವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಸಂಗೀತ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ, ಹಾಡು ಮನಸ್ಸಿಗೆ ಬಂದರೆ "ವನ್ಸ್ ಮೋರ್" ಎಂದು ಕೂಗುವುದು ಧರ್ಮ. ಕೂಗಿದರೆ ಮತ್ತೆ ಹಾಡಲೇಬೇಕು. ಹೀಗೆ ಕೂಗುವುದರಲ್ಲಿ ನಾನು ಮುಂದಿನ ಸಾಲಿನ ಹಳೆಯ ಹುಲಿ.

ನಾಟಕದ ಸಂಜೆ ಜನವೋ ಜನ! ಸುಮನಾ ಹಾಡು ಎತ್ತಿಕೊಂಡಳು. ಅಬ್ಬಾ, ಈ ಕಂಠ ಇಷ್ಟು ದಿನ ನಮ್ಮ ಮನೆಯಲ್ಲೇ ಇತ್ತೇ! ಮುಂದೆ ಕೂತಿದ್ದ ನಾಗವೇಣಿ, ನಮ್ಮ ಮನೆಗೆ ಮೀನು ತರುವವಳು, ತಡೆಯಲಾರದೆ ಕೂಗಿದಳು: "ಎಂಥಾ ಕಲ್ಲೆದೆ ಗಂಡ್ಸೋ ನೀನು! ಒಂದ್ ಮಾತಾಡ್ರೆ ಬಾಯ್ ಸವೀತದ್ಯಾ?" ನಾನು ಅಲುಗಲಿಲ್ಲ. ಕೊನೆಯ ಸಾಲಿನಲ್ಲಿ ಸ್ವರ ಮೇಲೇರಿ ಅಲ್ಲೇ ನಿಂತಿತು. ನನಗೆ ಮೈಯೆಲ್ಲ ಝುಂ ಎಂದಿತು. ಹಾಡು ಮುಗಿಯಿತು. ಮಂತ್ರವಾದಿಯಾಗಿದ್ದ ಮಾಸ್ತರರ ಕೋಲು ಇನ್ನೂ ಅರ್ಧಕ್ಕಷ್ಟೇ ಏರಿತ್ತು.

"ವನ್ಸ್ ಮೋರ್!"

ಕೂಗಿದ್ದು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸುಮನಾ ಶಿಲೆಯಾಗಬೇಕೋ ನಗಬೇಕೋ ತಿಳಿಯದೆ ನಿಂತಳು. ಮಾಸ್ತರರ ಗಡ್ಡ ನಡುಗುತ್ತಿತ್ತು. ನಾಗವೇಣಿ ಎದ್ದೇ ನಿಂತಳು: "ಮಾಸ್ತರ್ರೇ, ಅವ್ಳನ್ನ ಕಲ್ಲ್ ಮಾಡ್ಬೇಡಿ! ಅಂವ ಮಾತಾಡೂಕೆ ಬಾಯ್ ಬಿಟ್ಟದ್ದಲ್ಲ, ಹಾಡ್ ಕೇಳೂಕೆ ಬಿಟ್ಟದ್ದು!" ಜನರೆಲ್ಲ ವನ್ಸ್ ಮೋರ್ ಎಂದು ಗದ್ದಲ ಎಬ್ಬಿಸಿಬಿಟ್ಟರು. ಮಾಸ್ತರರು ಎಷ್ಟಾದರೂ ಮಾಸ್ತರರು, ಕೋಲು ಕುಟ್ಟಿ "ಮರುಪರೀಕ್ಷೆ!" ಎಂದು ಘೋಷಿಸಿದರು. ಅವಳು ಮತ್ತೆ ಹಾಡಿದಳು, ಮೊದಲಿಗಿಂತ ಚೆನ್ನಾಗಿ. ಈ ಸಲ ಶಲ್ಯದ ತುದಿಯನ್ನು ಬಾಯಿಗೆ ತುರುಕಿಕೊಂಡು ಪಾಸಾದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಅದೇ ಹಾಡು ಬಂತು. ನಾನು ಹೊರಗೆ ಕೂತು, ಬಂಗಡೆಯ ನೆನಪನ್ನೂ ನುಂಗಿಕೊಂಡು, ಉಸಿರೆತ್ತದೆ ಪೂರ್ತಿ ಕೇಳಿದೆ. ಹಾಡು ಮುಗಿದ ಮೇಲೂ ಸುಮ್ಮನಿದ್ದೆ. ಕೊನೆಗೂ ಗಂಡ ಸುಧಾರಿಸಿದ ಎಂದು ಅವಳು ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಕಾದು, ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ನಿನ್ನೆ ಅಷ್ಟ್ ಜನ್ರ ಎದ್ರಿಗೆ ಕೂಗ್ದವ್ರಿಗೆ ಇವತ್ತ್ ಎಂತಾಯ್ತು? ಹಾಡ್ ಸರಿ ಆಗ್ಲಿಲ್ವಾ?"